ಫೋಟೋ ಪುಟಕ್ಕೆ ಬಂತು, ಅದರ ವಿವರ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಸಂಸ್ಥೆಯ ಸ್ಮರಣ ಸಂಚಿಕೆಗೆ 380 ಫೋಟೋ ಸೇರಿಸಿದ್ದೇವೆ. ಮೂರು ಜನ ಹಂಚಿಕೊಂಡು ಪ್ರತಿ ಫೋಟೋ ಫೈಲ್‌ನ ಒಳಗೇ ವಿವರ, ತೆಗೆದವರ ಹೆಸರು ಎಲ್ಲ ಕನ್ನಡದಲ್ಲಿ ಟೈಪ್ ಮಾಡಿದ್ದೇವೆ. ಇನ್‌ಡಿಸೈನ್‌ನಲ್ಲಿ (ಪುಟ ವಿನ್ಯಾಸ ಮಾಡುವ ಅಡೋಬಿ ಕಂಪನಿಯ ತಂತ್ರಾಂಶ) ಫೋಟೋ ಹಾಕಿದರೆ ಆ ವಿವರ ತಾನಾಗಿ ಕೆಳಗೆ ಬರುತ್ತದೆ ಅಂತ ಓದಿದ್ದೆ. ಕೆಲವಕ್ಕೆ ಸರಿಯಾಗಿ ಬಂತು. ಕೆಲವಕ್ಕೆ ಖಾಲಿ. ಇನ್ನು ಕೆಲವಕ್ಕೆ ಅರ್ಥವಾಗದ ಅಕ್ಷರ. ಜೊತೆಗೆ ಕೆಲವು ಫೋಟೋ ಪುಟದ ಆಚೆಗೂ ಚಾಚಿಕೊಳ್ಳುವಷ್ಟು ದೊಡ್ಡದಾಗಿ ಬಂದು ಬೀಳುತ್ತವೆ. ಇದೆಲ್ಲ ಬಿಟ್ಟು ಕೈಯಲ್ಲೇ ಟೈಪ್ ಮಾಡುವುದು ವಾಸಿಯಾ? ಪುಟ ಮಾಡುವ ಇನ್ನೊಂದು ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಮಾಡಿದರೆ ಸುಲಭವಾ?

ಉತ್ತರ: ಕೈಯಲ್ಲಿ ಟೈಪ್ ಮಾಡುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಟೈಪಿಂಗ್ ಜಾಸ್ತಿ ಆಗುತ್ತದೆ ಅಂತ ಹೇಳುತ್ತಿಲ್ಲ, ಅದು ಹೆಚ್ಚೆಂದರೆ ಎರಡು ದಿನದ ಕೆಲಸ. ತೊಂದರೆ ಆಮೇಲೆ ಶುರುವಾಗುತ್ತದೆ. ಕೊನೆಯ ಪ್ರೂಫ್ ನೋಡುವಾಗ ಯಾರಾದರೊಬ್ಬರು "ಈ ಫೋಟೋ ಬೇಡ, ಆ ಇನ್ನೊಂದು ಹಾಕಿ" ಅಂತ ಹೇಳೇ ಹೇಳುತ್ತಾರೆ. ನೀವು ಫೋಟೋ ಬದಲಿಸುತ್ತೀರಿ. ಕೆಳಗಿನ ಸಾಲು ಹಳೆಯದೇ ಉಳಿಯುತ್ತದೆ. ಅಧ್ಯಕ್ಷರ ಫೋಟೋ ಕೆಳಗೆ ಕಾರ್ಯದರ್ಶಿಯ ಹೆಸರು ಅಚ್ಚಾಗುವುದು ಹೀಗೆಯೇ.

ನೀವು ವಿವರವನ್ನು ಫೋಟೋ ಒಳಗೇ ಬರೆದದ್ದು ಒಳ್ಳೆಯ ಕೆಲಸ. ಆದರೆ ಮೂರು ಜನ ಮೂರು ಬೇರೆ ಬೇರೆ ಜಾಗದಲ್ಲಿ ಬರೆದಿದ್ದೀರಿ ಅಂತ ನನ್ನ ಅನುಮಾನ. ನೀವು ಹೇಳಿದ ಲಕ್ಷಣ ನೋಡಿದರೆ ಹೆಚ್ಚು ಕಡಿಮೆ ಖಾತ್ರಿಯೇ.

ಒಂದು ಮಾತು ಮೊದಲು ಮನಸ್ಸಲ್ಲಿಟ್ಟುಕೊಳ್ಳಿ. ಇನ್‌ಡಿಸೈನ್ ಹತ್ತಿರ ಫೋಟೋದ ವಿವರ ಅಂತ ಸ್ವಂತದ್ದೇನೂ ಇಲ್ಲ. ಅದು ಲಿಂಕ್ ಆದ ಫೈಲನ್ನು ತೆರೆದು, ಒಳಗೆ ಇದ್ದದ್ದನ್ನು ಓದಿ ಹೇಳುತ್ತದೆ ಅಷ್ಟೇ. ಫೈಲ್‌ನಲ್ಲಿ ಇಲ್ಲದ್ದು ಪುಟಕ್ಕೆ ಬರುವುದಿಲ್ಲ. ಫೈಲ್‌ನಲ್ಲಿ ಇದ್ದರೂ ಅದು ನೋಡುವ ಜಾಗದಲ್ಲಿ ಇಲ್ಲದಿದ್ದರೂ ಬರುವುದಿಲ್ಲ.

ಒಂದು ಜೆಪೆಗ್ ಫೈಲ್ ಅಂದರೆ ಚಿತ್ರ ಮಾತ್ರ ಅಲ್ಲ, ಜೊತೆಗೆ ಮೂರು ಡ್ರಾಯರ್ ಇರುವ ಒಂದು ಮೇಜು ಅಂದುಕೊಳ್ಳಿ. ಮೊದಲನೆಯದು ಎಕ್ಸಿಫ್. ಇದನ್ನು ಕ್ಯಾಮೆರಾ ತುಂಬುತ್ತದೆ: ದಿನಾಂಕ, ಲೆನ್ಸ್, ಶಟರ್, ಜಿಪಿಎಸ್. ಎರಡನೆಯದು ಐಪಿಟಿಸಿ. 1990ರ ದಶಕದ ಆರಂಭದಲ್ಲಿ ಸುದ್ದಿ ಸಂಸ್ಥೆಗಳು ತಂತಿಯಲ್ಲಿ ಫೋಟೋ ಕಳಿಸುವಾಗ ವಿವರವನ್ನೂ ಸೇರಿಸಿ ಕಳಿಸಲು ಮಾಡಿಕೊಂಡ ಏರ್ಪಾಡು ಇದು. ಮೂರನೆಯದು ಎಕ್ಸ್‌ಎಂಪಿ. ಅಡೋಬಿ 2001ರಲ್ಲಿ ತಂದದ್ದು, 2012ರಲ್ಲಿ ಐಎಸ್‌ಒ ಮಾನಕವೂ ಆಯಿತು. ಒಂದೇ ವಿವರ ಮೂರರಲ್ಲೂ ಇರಬಹುದು, ಒಂದರಲ್ಲೇ ಇರಬಹುದು, ಮೂರರಲ್ಲಿ ಮೂರು ಥರ ಇರಬಹುದು. ಪುಟ ಮಾಡುವ ತಂತ್ರಾಂಶಕ್ಕೆ ಬೇಕಾದದ್ದು ಎಕ್ಸ್‌ಎಂಪಿ ಡ್ರಾಯರಿನ 'ಡಿಸ್ಕ್ರಿಪ್ಶನ್' ಖಾನೆ, 'ಕ್ರಿಯೇಟರ್' ಖಾನೆ, ಇಂಥವು.

ಈಗ ನಿಮ್ಮ ಖಾಲಿ ಫೋಟೋಗಳ ವಿಷಯ. ವಿಂಡೋಸ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ 'ಕಾಮೆಂಟ್ಸ್' ಅನ್ನುವ ಕಡೆ ಯಾರಾದರೂ ಬರೆದಿದ್ದಾರಾ ಕೇಳಿ ನೋಡಿ. ಬಹಳ ಜನ ಅಲ್ಲಿಯೇ ಬರೆಯುತ್ತಾರೆ, ಕೈಗೆ ಸುಲಭವಾಗಿ ಸಿಗುವ ಜಾಗ ಅದು. ಆದರೆ ಆ ಬರಹ ಹೋಗಿ ಕೂರುವುದು ಎಕ್ಸಿಫ್ ಡ್ರಾಯರಿನಲ್ಲಿ. ಡಿಸ್ಕ್ರಿಪ್ಶನ್ ಖಾನೆ ಖಾಲಿಯೇ ಉಳಿಯುತ್ತದೆ. ಅದೇ ಪಟ್ಟಿಯ 'ಟೈಟಲ್' ಎದುರು ಬರೆದಿದ್ದರೆ ಎಕ್ಸ್‌ಎಂಪಿಗೂ ಹೋಗಿರುತ್ತಿತ್ತು. ಮ್ಯಾಕ್‌ನ ಫೈಂಡರ್‌ನಲ್ಲಿ ಕಾಮೆಂಟ್ ಬರೆದವರದು ಇನ್ನೂ ಕಷ್ಟ. ಅದು ಫೋಟೋ ಒಳಗೆ ಹೋಗುವುದೇ ಇಲ್ಲ, ಆ ಕಂಪ್ಯೂಟರಿನ ಕಡತ ವ್ಯವಸ್ಥೆಯಲ್ಲಿ ಮಾತ್ರ ಇರುತ್ತದೆ. ಮೇಲ್‌ನಲ್ಲಿ ಕಳಿಸಿದ ಕೂಡಲೇ ಬರೆದದ್ದು ಅಲ್ಲೇ ಉಳಿಯಿತು. ಹಾಗಿದ್ದರೆ ಆ ಮ್ಯಾಕ್‌ನಿಂದಲೇ ತೆಗೆದುಕೊಂಡು ಬರಬೇಕು.

ಖಾಲಿಗೆ ಇನ್ನೊಂದು ಕಾರಣ ದಾರಿಯಲ್ಲಿ ಕಳೆದುಹೋಗುವುದು. ಚಾಟ್ ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದನ್ನು ಮತ್ತೆ ಕುಗ್ಗಿಸಿ, ಒಳಗಿನ ವಿವರವನ್ನೆಲ್ಲ ಕಿತ್ತು ಹಾಕಿ ಕಳಿಸುವುದು ಮಾಮೂಲು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಹಾಗೇ ಹೋಗುತ್ತದೆ. ಫೋಟೋಶಾಪ್‌ನ ಹಳೆಯ 'ಸೇವ್ ಫಾರ್ ವೆಬ್'ನಲ್ಲೂ ಮೆಟಾಡೇಟಾ (ಫೈಲ್ ಒಳಗೆ ಬರೆದಿಟ್ಟ ವಿವರಗಳಿಗೆ ಇದೇ ಹೆಸರು) ಅಂತ ಒಂದು ಪುಟ್ಟ ಪಟ್ಟಿ ಇರುತ್ತದೆ. ಅದನ್ನು 'ಆಲ್' ಮಾಡದಿದ್ದರೆ ಹಕ್ಕುಸ್ವಾಮ್ಯದ ಸಾಲು ಉಳಿದು, ನೀವು ಕಷ್ಟಪಟ್ಟು ಬರೆದ ವಿವರ ಹೋಗಬಹುದು.

ಇದರಲ್ಲಿ ನಾನೂ ಒಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಒಂದು ಕ್ಯಾಟಲಾಗ್ ಕೆಲಸ. ಫೈಲ್ ಸೈಜ್ ಜಾಸ್ತಿ ಇದೆ ಅಂತ ಅರವತ್ತು ಫೋಟೋಗಳನ್ನು ಒಂದು ಆನ್‌ಲೈನ್ ಕಂಪ್ರೆಸರ್‌ಗೆ ಕೊಟ್ಟೆ. ಚಿತ್ರಗಳು ಚೆನ್ನಾಗಿಯೇ ವಾಪಸ್ ಬಂದವು. ಹಳೆಯ ಫೈಲ್‌ಗಳ ಮೇಲೆ ಅದೇ ಹೆಸರಿನಲ್ಲಿ ಹಾಕಿಬಿಟ್ಟೆ. ಇನ್‌ಡಿಸೈನ್‌ನಲ್ಲಿ ಲಿಂಕ್ ಅಪ್‌ಡೇಟ್ ಕೊಟ್ಟ ತಕ್ಷಣ ಅರವತ್ತು ಕ್ಯಾಪ್ಶನ್, ಅಂದರೆ ಫೋಟೋ ಕೆಳಗಿನ ವಿವರದ ಸಾಲು, ಒಟ್ಟಿಗೆ ಮಾಯ. ಬ್ಯಾಕಪ್ ಇತ್ತು, ಬಚಾವಾದೆ. ಹಳೆಯ ಫೋಲ್ಡರ್‌ನ ಫೈಲ್‌ಗಳಿಂದ ಅದೇ ಹೆಸರಿನ ಹೊಸ ಫೈಲ್‌ಗಳಿಗೆ ವಿವರವನ್ನು ಮಾತ್ರ ನಕಲು ಮಾಡಿಕೊಂಡೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಇನ್ನು ಅರ್ಥವಾಗದ ಅಕ್ಷರಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಕೆಟ್ಟು ಕಾಣುವುದೆಲ್ಲ ನಿಜವಾಗಿ ಕೆಟ್ಟಿರುವುದಿಲ್ಲ. ಅದು ಯಾವ ಥರ ಕೆಟ್ಟಿದೆ ಅನ್ನುವುದನ್ನು ನೋಡಿದರೆ ಸಾಕು, ರೋಗ ಯಾವುದು ಅಂತ ಹೇಳಬಹುದು.

ಪರದೆಯ ಮೇಲೆ ಬರೀ ಖಾಲಿ ಚೌಕಗಳು ಕಾಣುತ್ತಿದ್ದರೆ ಚಿಂತೆ ಬೇಡ. ಅಕ್ಷರ ಸರಿಯಾಗಿದೆ, ನೀವು ಕೊಟ್ಟ ಫಾಂಟ್‌ನಲ್ಲಿ ಕನ್ನಡ ಇಲ್ಲ. ಕ್ಯಾಪ್ಶನ್‌ನ ಪ್ಯಾರಾಗ್ರಾಫ್ ಸ್ಟೈಲ್‌ಗೆ ಕನ್ನಡದ ಯೂನಿಕೋಡ್ ಫಾಂಟ್ ಕೊಡಿ, ಮುಗಿಯಿತು.

ಅಕ್ಷರ ಕನ್ನಡವೇ, ಆದರೆ ಒತ್ತಕ್ಷರ ಬಿಚ್ಚಿಕೊಂಡು ಪಕ್ಕದಲ್ಲಿ ನಿಂತಿದೆ, ಕೊಂಬು ದೀರ್ಘ ಎಲ್ಲೆಲ್ಲೋ ಹೋಗಿವೆ ಅಂದರೆ ಅದೂ ಫೋಟೋದ ತಪ್ಪಲ್ಲ. ಆ ಪ್ಯಾರಾಗ್ರಾಫ್‌ಗೆ ವರ್ಲ್ಡ್-ರೆಡಿ ಕಂಪೋಸರ್ (ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಕೂರಿಸುವ ಆಯ್ಕೆ) ಹಾಕಿಲ್ಲ. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಇದು ಸಿಎಸ್6 ಕಾಲದಿಂದ, ಅಂದರೆ 2012ರಿಂದ ಇದೆ. ನಿಮ್ಮ ಮುಖ್ಯ ಬರಹದ ಸ್ಟೈಲ್‌ನಲ್ಲಿ ಹಾಕಿರುತ್ತೀರಿ. ಆದರೆ ಕ್ಯಾಪ್ಶನ್‌ಗೆ ಹೊಸ ಸ್ಟೈಲ್ ಮಾಡುವಾಗ 'ಬೇಸಿಕ್ ಪ್ಯಾರಾಗ್ರಾಫ್' ಆಧಾರದ ಮೇಲೆ ಮಾಡಿ ಮರೆತುಬಿಡುತ್ತೀರಿ. ಎಲ್ಲರೂ ಮರೆಯುತ್ತಾರೆ.

ರೋಮನ್ ಅಕ್ಷರ 'ಎ' ತಲೆಯ ಮೇಲೆ ಓರೆ ಗೆರೆ, ಅದರ ಪಕ್ಕ ಚಿಕ್ಕದಾಗಿ ಮೇಲೆತ್ತಿದ 2 ಅಥವಾ 3, ಆಮೇಲೆ ಇನ್ನೊಂದು ಯಾವುದೋ ಚಿಹ್ನೆ, ಮತ್ತೆ ಅದೇ ಗೆರೆಯ ಅಕ್ಷರ, ಮತ್ತೆ 2 ಅಥವಾ 3. ಹೀಗೆ ಒಂದೇ ತಾಳದಲ್ಲಿ ಸಾಲು ಹೋಗುತ್ತಿದೆಯಾ? ಇದು ಬಹಳ ಒಳ್ಳೆಯ ಲಕ್ಷಣ! ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಒಂದು ಪದ್ಧತಿಯಲ್ಲಿ, ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ ಮೂರು ಮೂರು ಬೈಟ್ ತೆಗೆದುಕೊಳ್ಳುತ್ತದೆ. ಕನ್ನಡದಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡೇ ಥರ. ಆ ಮೂರು ಬೈಟ್‌ಗಳನ್ನು ಯಾವುದೋ ತಂತ್ರಾಂಶ ಮೂರು ರೋಮನ್ ಅಕ್ಷರ ಅಂದುಕೊಂಡು ಓದಿದೆ. ಅದಕ್ಕೇ ಈ ತಾಳ. ಒಳಗಿನ ಬೈಟ್‌ಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ, ಓದುವ ರೀತಿ ಮಾತ್ರ ತಪ್ಪಾಗಿದೆ. ಹಳೆಯ ಐಪಿಟಿಸಿ ಡ್ರಾಯರಿನಲ್ಲಿ "ಇದು ಯುಟಿಎಫ್-8" ಅಂತ ಹೇಳುವ ಒಂದು ಚಿಕ್ಕ ಗುರುತು ಇರಬೇಕು. ಬರೆದ ತಂತ್ರಾಂಶ ಅದನ್ನು ಹಾಕದೇ ಬಿಟ್ಟರೆ ಓದುವ ತಂತ್ರಾಂಶ ಊಹೆ ಮಾಡುತ್ತದೆ, ಊಹೆ ತಪ್ಪುತ್ತದೆ.

ಸಾಲು ಪೂರ್ತಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಮಾತ್ರ ಕೈ ಬಿಡಿ. ಕನ್ನಡ ಗೊತ್ತಿಲ್ಲದ ಯಾವುದೋ ತಂತ್ರಾಂಶ ಉಳಿಸುವಾಗಲೇ ಪ್ರತಿ ಅಕ್ಷರದ ಜಾಗದಲ್ಲಿ ಒಂದೊಂದು ಪ್ರಶ್ನೆ ಚಿಹ್ನೆ ಬರೆದುಹಾಕಿದೆ. ಮೂಲ ಬರಹ ಆ ಫೈಲ್‌ನಲ್ಲಿ ಈಗ ಇಲ್ಲ. ಬೇರೆ ಡ್ರಾಯರಿನಲ್ಲಿ ಇನ್ನೊಂದು ಪ್ರತಿ ಉಳಿದಿದೆಯಾ ನೋಡಿ, ಇಲ್ಲದಿದ್ದರೆ ಮತ್ತೆ ಟೈಪ್ ಮಾಡಬೇಕು.

ಐದನೆಯ ಥರವೂ ಒಂದಿದೆ. ಸುಮ್ನೆ ಇಂಗ್ಲಿಷ್ ಅಕ್ಷರ, ಆವರಣ, ಸೊನ್ನೆ, ಚಿಹ್ನೆ ಎಲ್ಲ ಕಲಸಿ ಹಾಕಿದ ಹಾಗೆ ಇರುತ್ತದೆ, ಮೇಲೆ ಹೇಳಿದ ತಾಳ ಇರುವುದಿಲ್ಲ. ಅದು ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್‌ನಲ್ಲಿ ಟೈಪ್ ಮಾಡಿ ತಂದು ಅಂಟಿಸಿದ್ದು. ಮೆಟಾಡೇಟಾಗೆ ಫಾಂಟ್ ಅನ್ನುವುದೇ ಇಲ್ಲವಲ್ಲ, ಹಾಗಾಗಿ ಒಳಗಿನ ನಿಜರೂಪ ಕಾಣುತ್ತದೆ. ಕ್ಯಾಪ್ಶನ್ ಸ್ಟೈಲ್‌ಗೆ ಆ ಹಳೆಯ ಫಾಂಟನ್ನೇ ಕೊಟ್ಟರೆ ಪುಟದ ಮೇಲೆ ಕನ್ನಡವಾಗಿ ಕಂಡೀತು. ತುರ್ತಿಗೆ ಸರಿ. ಆದರೆ ಹುಡುಕಿದರೆ ಸಿಗದು, ಇ-ಬುಕ್ ಮಾಡಿದರೆ ಓದಲು ಬಾರದು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳುವುದೇ ವಾಸಿ.

ಕೊನೆಗೆ ಅರ್ಧಕ್ಕೆ ನಿಂತ ಹೆಸರುಗಳು. ನೀವು ಇದನ್ನು ಬರೆದಿಲ್ಲ, ಆದರೆ ಹುಡುಕಿದರೆ ಸಿಗುತ್ತದೆ. ಹಳೆಯ ಐಪಿಟಿಸಿಯಲ್ಲಿ ಪ್ರತಿ ಖಾನೆಗೂ ಅಳತೆ ಇದೆ. ವಿವರಕ್ಕೆ 2000 ಬೈಟ್, ಪರವಾಗಿಲ್ಲ. ಆದರೆ ತೆಗೆದವರ ಹೆಸರಿಗೆ ಕೊಟ್ಟಿರುವುದು 32 ಬೈಟ್. ಇಂಗ್ಲಿಷ್‌ನವರಿಗೆ ಅದು 32 ಅಕ್ಷರ. ನಮಗೆ ಮೂರರಿಂದ ಭಾಗಿಸಬೇಕು, ಹತ್ತು ಬರುತ್ತದೆ. 'ಛಾಯಾಗ್ರಾಹಕ' ಅನ್ನುವ ಪದವನ್ನೇ ಎಣಿಸಿ ನೋಡಿ. ಛ, ದೀರ್ಘ, ಯ, ದೀರ್ಘ, ಗ, ಹಲಂತ, ರ, ದೀರ್ಘ, ಹ, ಕ. ಹತ್ತು ಗುರುತು, 30 ಬೈಟ್. ಪದ ಮುಗಿಯುವಷ್ಟರಲ್ಲಿ ಖಾನೆ ತುಂಬಿತು, ಹೆಸರಿಗೆ ಜಾಗವೇ ಇಲ್ಲ! ನಿಯಮ ಕಟ್ಟುನಿಟ್ಟಾಗಿ ಪಾಲಿಸುವ ತಂತ್ರಾಂಶ ಅಲ್ಲಿಗೆ ಕತ್ತರಿಸುತ್ತದೆ. ಕೆಲವೊಮ್ಮೆ ಒಂದು ಅಕ್ಷರದ ಮಧ್ಯಕ್ಕೇ ಕತ್ತರಿ ಬಿದ್ದು ಕೊನೆಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕೂತಿರುತ್ತದೆ. ಎಕ್ಸ್‌ಎಂಪಿಯಲ್ಲಿ ಈ ಮಿತಿ ಇಲ್ಲ. ಕನ್ನಡದಲ್ಲಿ ಕೆಲಸ ಮಾಡುವವರು ಎಕ್ಸ್‌ಎಂಪಿಯನ್ನೇ ನಂಬಬೇಕು ಅಂತ ನಾನು ಹೇಳುವುದು ಇದಕ್ಕೇ.

ಸರಿ, 380 ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡುವುದು ಹೇಗೆ? ನೋಡಬೇಡಿ. ಎಕ್ಸಿಫ್‌ಟೂಲ್ ಅನ್ನುವ ಉಚಿತ ತಂತ್ರಾಂಶ ಇದೆ. ನೋಡಲು ಬರೀ ಕಪ್ಪು ಕಿಟಕಿ, ಮೌಸ್ ಕೆಲಸ ಇಲ್ಲ, ಮೊದಲ ದಿನ ಬೈದುಕೊಳ್ಳುತ್ತೀರಿ. ಆದರೆ ಈ ಕೆಲಸದಲ್ಲಿ ಅದಕ್ಕೆ ಸಾಟಿ ಇನ್ನೊಂದನ್ನು ನಾನು ನೋಡಿಲ್ಲ. ಒಂದು ಆಜ್ಞೆ ಕೊಟ್ಟರೆ ಇಡೀ ಫೋಲ್ಡರಿನ ಎಲ್ಲ ಫೋಟೋಗಳ ಎಲ್ಲ ಖಾನೆಗಳನ್ನು ಒಂದು ಸಿಎಸ್‌ವಿ ಪಟ್ಟಿಯಾಗಿ (ಖಾನೆಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಪಠ್ಯದ ಕೋಷ್ಟಕ) ಕೊಡುತ್ತದೆ. ಒಂದು ಸಾಲಿಗೆ ಒಂದು ಫೋಟೋ. ಆ ಪಟ್ಟಿಯನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ತೆರೆಯುವಾಗಲೇ ಅದು ಯಾವ ಎನ್‌ಕೋಡಿಂಗ್ (ಅಕ್ಷರ ಉಳಿಸಿದ ಪದ್ಧತಿ) ಅಂತ ಕೇಳುತ್ತದೆ, ಯುಟಿಎಫ್-8 ಹೇಳಿ.

ಈಗ ನಿಮ್ಮ ಮೂರು ಜನರ ಕೈಬರಹ ಕಣ್ಣಿಗೆ ಕಾಣುತ್ತದೆ. ಒಬ್ಬರದು ಡಿಸ್ಕ್ರಿಪ್ಶನ್ ಕಾಲಂನಲ್ಲಿ, ಇನ್ನೊಬ್ಬರದು ಕಾಮೆಂಟ್ ಕಾಲಂನಲ್ಲಿ, ಮೂರನೆಯವರದು ಹೆಡ್‌ಲೈನ್‌ನಲ್ಲಿ ಇದ್ದರೂ ಆಶ್ಚರ್ಯ ಇಲ್ಲ. ಎಲ್ಲವನ್ನೂ ಡಿಸ್ಕ್ರಿಪ್ಶನ್ ಕಾಲಂಗೆ ತನ್ನಿ. ಕಾಗುಣಿತ ತಪ್ಪುಗಳನ್ನು ಇಲ್ಲೇ ತಿದ್ದಿ. ಒಬ್ಬರೇ ಕೂತು ಮೇಲಿಂದ ಕೆಳಗೆ ಓದಿದರೆ ಒಂದೇ ವ್ಯಕ್ತಿಯ ಹೆಸರು ನಾಲ್ಕು ಥರ ಬರೆದಿರುವುದು ಗೊತ್ತಾಗುತ್ತದೆ. ಪುಟದ ಮೇಲೆ ಇದು ಗೊತ್ತಾಗುವುದೇ ಇಲ್ಲ. ಮೊದಲ ಕಾಲಂನಲ್ಲಿ ಫೈಲ್‌ನ ದಾರಿ ಇರುತ್ತದೆ, 'ಸೋರ್ಸ್‌ಫೈಲ್' ಅಂತ ತಲೆಬರಹ. ಅದನ್ನು ಮುಟ್ಟಬೇಡಿ, ಸಾಲುಗಳನ್ನು ಗುರುತಿಸುವುದೇ ಅದರಿಂದ. ಬೇಡದ ಕಾಲಂಗಳನ್ನು ಅಳಿಸಿ, ಸಿಎಸ್‌ವಿ ಆಗಿಯೇ ಉಳಿಸಿ, ಇನ್ನೊಂದು ಆಜ್ಞೆ ಕೊಟ್ಟರೆ ಅದೇ ಪಟ್ಟಿಯನ್ನು ಓದಿ ಪ್ರತಿ ಫೋಟೋದ ಎಕ್ಸ್‌ಎಂಪಿಗೆ ಬರೆಯುತ್ತದೆ. ಬರೆಯುವ ಮೊದಲು ಹಳೆಯ ಫೈಲನ್ನು ಹೆಸರಿನ ಕೊನೆಗೆ 'ಒರಿಜಿನಲ್' ಸೇರಿಸಿ ಪಕ್ಕದಲ್ಲಿ ಇಡುತ್ತದೆ. ಆದರೂ ಇಡೀ ಫೋಲ್ಡರಿನ ಇನ್ನೊಂದು ನಕಲು ಬೇರೆ ಕಡೆ ಇಟ್ಟುಕೊಂಡೇ ಶುರು ಮಾಡಿ.

ಮೇಲೆ ಹೇಳಿದ 2, 3ರ ತಾಳದ ಅಕ್ಷರಗಳಿಗೂ ಮದ್ದು ಇದರಲ್ಲೇ ಇದೆ. ಓದುವಾಗ ಐಪಿಟಿಸಿಯನ್ನು ಯುಟಿಎಫ್-8 ಅಂತಲೇ ಓದು ಎಂದು ಹೇಳುವ ಸೌಲಭ್ಯ ಇದೆ. ಹಾಗೆ ಓದಿಸಿ ಪಟ್ಟಿ ತೆಗೆದರೆ ಕನ್ನಡ ಸರಿಯಾಗಿ ಬರುತ್ತದೆ. ಒಂದು ಫೋಲ್ಡರಿನ ಫೈಲ್‌ಗಳಿಂದ ಇನ್ನೊಂದು ಫೋಲ್ಡರಿನ ಅದೇ ಹೆಸರಿನ ಫೈಲ್‌ಗಳಿಗೆ ವಿವರ ನಕಲು ಮಾಡುವುದೂ ಇದರದ್ದೇ ಕೆಲಸ. ನನ್ನ ಅರವತ್ತು ಕ್ಯಾಪ್ಶನ್ ಬದುಕಿದ್ದು ಹಾಗೆ.

ಕಪ್ಪು ಕಿಟಕಿ ಬೇಡವೇ ಬೇಡ ಅಂದರೆ ಫೋಟೋ ಫೈಲ್‌ಗಳನ್ನು ನೋಡಿ ಜೋಡಿಸುವ ತಂತ್ರಾಂಶ ಅಡೋಬಿ ಬ್ರಿಜ್‌ನ ಮೆಟಾಡೇಟಾ ಪ್ಯಾನೆಲ್‌ನಲ್ಲಿ ಐಪಿಟಿಸಿ ಕೋರ್ ಭಾಗ ತೆರೆದು ಅಲ್ಲೇ ಬರೆಯಬಹುದು. ಹಲವು ಫೋಟೋ ಒಟ್ಟಿಗೆ ಆಯ್ದು, ತೆಗೆದವರ ಹೆಸರು ಒಂದೇ ಸಲ ಹಾಕಬಹುದು. ಹತ್ತಿಪ್ಪತ್ತು ಫೋಟೋಗೆ ಇದೇ ಸಾಕು.

ಇನ್ನು ಪುಟದ ಕಡೆಗೆ ಬರೋಣ. ಫೋಟೋವನ್ನು 'ಪ್ಲೇಸ್' ಮಾಡಿಯೇ ತನ್ನಿ. ಫೋಟೋಶಾಪ್‌ನಲ್ಲಿ ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿದರೆ ಚಿತ್ರ ಬರುತ್ತದೆ, ಲಿಂಕ್ ಬರುವುದಿಲ್ಲ. ಲಿಂಕ್ ಇಲ್ಲ ಅಂದಮೇಲೆ ವಿವರವೂ ಇಲ್ಲ. ಲಿಂಕ್ಸ್ ಪ್ಯಾನೆಲ್‌ನಲ್ಲಿ ಹೆಸರು ಕಾಣದ ಫೋಟೋ ಇದ್ದರೆ ಅದು ಪೇಸ್ಟ್ ಆದದ್ದು ಅಂತಲೇ ತಿಳಿಯಿರಿ.

ಆಬ್ಜೆಕ್ಟ್ ಮೆನುವಿನ ಕ್ಯಾಪ್ಶನ್ಸ್‌ನಲ್ಲಿ 'ಕ್ಯಾಪ್ಶನ್ ಸೆಟಪ್' ತೆರೆಯಿರಿ. ಯಾವ ಖಾನೆ ಬೇಕು, ಅದರ ಹಿಂದೆ ಮುಂದೆ ಏನು ಬರಬೇಕು, ಯಾವ ಸ್ಟೈಲ್ ಎಲ್ಲ ಇಲ್ಲೇ ಹೇಳಬೇಕು. ಮೊದಲ ಸಾಲಿಗೆ ಡಿಸ್ಕ್ರಿಪ್ಶನ್. ಎರಡನೆಯ ಸಾಲಿಗೆ ತೆಗೆದವರ ಹೆಸರಿನ ಖಾನೆ, ಅದಕ್ಕೆ ಮೊದಲು 'ಫೋಟೋ:' ಅಂತ ಟೈಪ್ ಮಾಡಿಟ್ಟರೆ ಪ್ರತಿ ಸಲ ಅದೇ ಬರುತ್ತದೆ. ಚಿತ್ರದ ಜೊತೆ ಕ್ಯಾಪ್ಶನ್ ಗ್ರೂಪ್ ಆಗಲಿ ಅನ್ನುವ ಗುರುತು ಹಾಕಿ.

ಆಮೇಲೆ ಎರಡು ದಾರಿ, ಲೈವ್ ಮತ್ತು ಸ್ಟ್ಯಾಟಿಕ್. ಎರಡೂ ಸಿಎಸ್5ರಿಂದ, ಅಂದರೆ 2010ರಿಂದ ಇವೆ. ಲೈವ್ ಅಂದರೆ ಫೈಲ್‌ಗೆ ಕಟ್ಟಿಹಾಕಿದ ಕ್ಯಾಪ್ಶನ್. ಫೋಟೋ ಬದಲಿಸಿದರೆ ತಾನೂ ಬದಲಾಗುತ್ತದೆ. ನೀವು ಬ್ರಿಜ್‌ನಲ್ಲೋ ಎಕ್ಸಿಫ್‌ಟೂಲ್‌ನಲ್ಲೋ ವಿವರ ತಿದ್ದಿದರೆ ಲಿಂಕ್ಸ್ ಪ್ಯಾನೆಲ್‌ನಲ್ಲಿ ಆ ಫೋಟೋ ಪಕ್ಕ ಹಳದಿ ತ್ರಿಕೋನ ಬರುತ್ತದೆ. ಅಪ್‌ಡೇಟ್ ಕೊಟ್ಟರೆ ಹೊಸ ಸಾಲು ಬಂತು. ಸ್ಟ್ಯಾಟಿಕ್ ಅಂದರೆ ಒಂದು ಸಲ ಓದಿ ಬರೆದುಬಿಟ್ಟ ಮಾಮೂಲಿ ಅಕ್ಷರ. ಆಮೇಲೆ ಫೋಟೋಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದರೆ ಲೈವ್ ಒಳ್ಳೆಯದು ಅಲ್ವಾ ಅನಿಸುತ್ತದೆ. ಒಂದು ದೊಡ್ಡ ಕೊರತೆ ಇದೆ. ಒಳಗಿನಿಂದ ನೋಡಿದರೆ ಲೈವ್ ಕ್ಯಾಪ್ಶನ್ ಒಂದು ಟೆಕ್ಸ್ಟ್ ವೇರಿಯಬಲ್. ಬಹಳ ವರ್ಷ ಇನ್‌ಡಿಸೈನ್ ಇಡೀ ವೇರಿಯಬಲ್ಲನ್ನು ಒಂದೇ ಅಕ್ಷರದ ಹಾಗೆ ನೋಡುತ್ತಿತ್ತು, ಎರಡು ಸಾಲಿಗೆ ಮುರಿಯುತ್ತಿರಲಿಲ್ಲ. ನಿಮ್ಮ ಆವೃತ್ತಿಯೂ ಹಾಗಿದ್ದರೆ ಹತ್ತು ಪದದ ವಿವರ ಒಂದೇ ಸಾಲಿನಲ್ಲಿ ಒತ್ತರಿಸಿಕೊಂಡು, ಅಕ್ಷರದ ಮೇಲೆ ಅಕ್ಷರ ಹತ್ತಿ ಕೂರುತ್ತದೆ. ಇದೂ ನಿಮಗೆ 'ಅರ್ಥವಾಗದ ಅಕ್ಷರ' ಅಂತ ಕಂಡಿರಬಹುದು! ಚೌಕಟ್ಟನ್ನು ಅಗಲ ಮಾಡಿ ನೋಡಿ, ಸರಿಹೋದರೆ ಕಾರಣ ಇದೇ.

ನಾನಾದರೆ ಹೀಗೆ ಮಾಡುತ್ತೇನೆ. ಫೋಟೋ ಆಯ್ಕೆ ಮುಗಿಯುವವರೆಗೆ ಎಲ್ಲ ಲೈವ್. ನೋಡಲು ಚೆನ್ನಾಗಿರುವುದಿಲ್ಲ, ಇರಲಿ. "ಇನ್ನು ಯಾವ ಫೋಟೋವೂ ಬದಲಾಗುವುದಿಲ್ಲ" ಅಂತ ತೀರ್ಮಾನ ಆದ ದಿನ ಕ್ಯಾಪ್ಶನ್‌ಗಳನ್ನು ಆಯ್ದು 'ಕನ್ವರ್ಟ್ ಟು ಸ್ಟ್ಯಾಟಿಕ್ ಕ್ಯಾಪ್ಶನ್' ಕೊಡುತ್ತೇನೆ. ಆಮೇಲೆ ಸಾಲು ಮುರಿಯುವುದು, ಅಂದ ನೋಡುವುದು. ಅದಕ್ಕೂ ಮೊದಲು ಹುಡುಕುವ ಕಿಟಕಿಯಲ್ಲಿ ಹುಡುಕಲು ಹೋಗಬೇಡಿ, ಕಣ್ಣಲ್ಲೇ ಪುಟ ಪುಟ ನೋಡಿ: 'ನೋ ಡೇಟಾ ಫ್ರಮ್ ಲಿಂಕ್' ಅಂತ ಇದ್ದರೆ ಆ ಫೋಟೋದ ಖಾನೆ ಖಾಲಿ. 'ನೋ ಇಂಟರ್‌ಸೆಕ್ಟಿಂಗ್ ಲಿಂಕ್' ಅಂತ ಇದ್ದರೆ ಕ್ಯಾಪ್ಶನ್ ಚೌಕಟ್ಟು ಫೋಟೋಗೆ ತಾಗಿಕೊಂಡಿಲ್ಲ, ಯಾರೋ ಎಳೆದು ದೂರ ಇಟ್ಟಿದ್ದಾರೆ. ಗ್ರೂಪ್ ಮಾಡಿ ಅಂದದ್ದು ಇದಕ್ಕೇ.

ದೊಡ್ಡದಾಗಿ ಬೀಳುವ ಫೋಟೋಗಳ ಕಥೆಯೂ ಮೆಟಾಡೇಟಾ ಕಥೆಯೇ, ನಂಬುತ್ತೀರಾ? ಫೋಟೋದಲ್ಲಿ ನಿಜವಾಗಿ ಇರುವುದು ಪಿಕ್ಸೆಲ್ ಮಾತ್ರ. ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವುದು ಪಕ್ಕದಲ್ಲಿ ಬರೆದಿಟ್ಟ ಒಂದು ಸಂಖ್ಯೆ, ಅಷ್ಟೇ. 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಆ ಸಂಖ್ಯೆ 72 ಅಂತಿದ್ದರೆ ಅದು ಸುಮಾರು 141 ಸೆಂಟಿಮೀಟರ್ ಅಗಲವಾಗಿ ಬಂದು ಬೀಳುತ್ತದೆ. 300 ಅಂತಿದ್ದರೆ ಅದೇ ಫೋಟೋ ಸುಮಾರು 34 ಸೆಂಟಿಮೀಟರ್. ಎರಡರಲ್ಲೂ ಗುಣಮಟ್ಟ ಒಂದೇ. ಹಾಗಾಗಿ ಫೋಟೋಶಾಪ್‌ಗೆ ಹೋಗಿ 72 ಅನ್ನು 300 ಮಾಡುವ ಕೆಲಸಕ್ಕೆ ಕೈ ಹಾಕಬೇಡಿ. ರೀಸ್ಯಾಂಪಲ್ ಗುರುತು ತೆಗೆಯದೆ ಮಾಡಿದರೆ ಇಲ್ಲದ ಪಿಕ್ಸೆಲ್ ಹುಟ್ಟಿಸಿ ಫೈಲ್ ದಪ್ಪ ಆಗುತ್ತದೆ, ಲಾಭ ಏನೂ ಇಲ್ಲ. ಮೊದಲು ಚೌಕಟ್ಟು ಬರೆದು, ಅದರ ಒಳಗೆ ಪ್ಲೇಸ್ ಮಾಡಿ, ಕಂಟ್ರೋಲ್, ಆಲ್ಟ್, ಶಿಫ್ಟ್ ಹಿಡಿದು ಸಿ ಒತ್ತಿ. ಫೋಟೋ ಚೌಕಟ್ಟನ್ನು ತುಂಬಿ ಕೂರುತ್ತದೆ.

ಗಮನಿಸಬೇಕಾದ್ದು ಲಿಂಕ್ಸ್ ಪ್ಯಾನೆಲ್‌ನ ಕೆಳಭಾಗದ 'ಎಫೆಕ್ಟಿವ್ ಪಿಪಿಐ'. ಪುಟದ ಮೇಲೆ ಈ ಅಳತೆಯಲ್ಲಿ ಇಂಚಿಗೆ ಎಷ್ಟು ಪಿಕ್ಸೆಲ್ ಬೀಳುತ್ತಿದೆ ಅನ್ನುವ ಲೆಕ್ಕ ಅದು. 4000 ಪಿಕ್ಸೆಲ್‌ನ ಫೋಟೋ 12 ಸೆಂಟಿಮೀಟರ್ ಅಗಲದಲ್ಲಿ ಕೂತರೆ ಸುಮಾರು 847, ಬೇಕಾದ್ದಕ್ಕಿಂತ ಜಾಸ್ತಿಯೇ. ಚಾಟ್‌ನಲ್ಲಿ ಬಂದ 1600 ಪಿಕ್ಸೆಲ್‌ನದು ಅದೇ ಅಗಲಕ್ಕೆ ಸುಮಾರು 339, ಚೆನ್ನಾಗಿದೆ. ಅದನ್ನೇ ಎ4 ಪುಟದ 21 ಸೆಂಟಿಮೀಟರ್ ಪೂರ್ತಿ ಅಗಲಕ್ಕೆ ಹಿಗ್ಗಿಸಿದರೆ ಸುಮಾರು 194ಕ್ಕೆ ಇಳಿಯುತ್ತದೆ. ನುಣುಪು ಕಾಗದದ ಅಚ್ಚಿಗೆ 300 ಇರಲಿ ಅನ್ನುವುದು ರೂಢಿ. 194ರಲ್ಲಿ ಗುಂಪು ಫೋಟೋದ ಮುಖಗಳು ಮೆತ್ತಗಾಗುತ್ತವೆ. ಅಂಥದ್ದನ್ನು ಅರ್ಧ ಪುಟಕ್ಕೆ ಇಳಿಸಿ, ಇಲ್ಲವೇ ಮೂಲ ಫೈಲ್ ತರಿಸಿ.

ಬಣ್ಣದ ಪ್ರೊಫೈಲ್ ಕೂಡ ಫೈಲ್ ಜೊತೆ ಬರುವ ಇಂಥದ್ದೇ ಚೀಟಿ. ಅಡೋಬಿ ಆರ್‌ಜಿಬಿಯಲ್ಲಿ ತೆಗೆದ ಫೋಟೋದ ಪ್ರೊಫೈಲ್ ಕಳಚಿಹೋದರೆ, ಅದನ್ನು ಎಸ್‌ಆರ್‌ಜಿಬಿ ಅಂದುಕೊಂಡು ತೋರಿಸಿ ಬಣ್ಣ ಮಂಕಾಗುತ್ತದೆ. ಮುಖಗಳೆಲ್ಲ ಸಪ್ಪೆಯಾಗಿ ಕಂಡರೆ ಬ್ರೈಟ್‌ನೆಸ್ ಏರಿಸುವ ಮುಂಚೆ ಲಿಂಕ್ಸ್ ಪ್ಯಾನೆಲ್‌ನಲ್ಲಿ ಐಸಿಸಿ ಪ್ರೊಫೈಲ್ ಏನಿದೆ ನೋಡಿ.

ಸ್ಕ್ರೈಬಸ್ ಬಗ್ಗೆ ಕೇಳಿದ್ದೀರಿ. ಉಚಿತ, ಒಳ್ಳೆಯ ತಂತ್ರಾಂಶ, 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ. ಆದರೆ ಫೋಟೋದಿಂದ ಓದಿ ತಾನೇ ಕ್ಯಾಪ್ಶನ್ ಬರೆಯುವ ಸೌಲಭ್ಯ ಅದರಲ್ಲಿ ಇಲ್ಲ. ಪೈಥಾನ್ ಸ್ಕ್ರಿಪ್ಟ್ ಬರೆಯಲು ಬಂದರೆ, ಮೇಲೆ ಹೇಳಿದ ಸಿಎಸ್‌ವಿ ಪಟ್ಟಿ ಓದಿ ಚೌಕಟ್ಟು, ಚಿತ್ರ, ಕ್ಯಾಪ್ಶನ್ ಮೂರನ್ನೂ ಅದರಿಂದಲೇ ಹಾಕಿಸಬಹುದು. ಬಾರದಿದ್ದರೆ ಈ ಕೆಲಸಕ್ಕೆ ಬದಲಾಯಿಸಬೇಡಿ. ನಿಮ್ಮ ತೊಂದರೆ ಇರುವುದು ಫೋಟೋ ಫೈಲ್‌ಗಳಲ್ಲಿ, ತಂತ್ರಾಂಶ ಬದಲಿಸಿದರೂ ಅದು ಜೊತೆಗೇ ಬರುತ್ತದೆ.

ಸಂಚಿಕೆಯಲ್ಲಿ ಸದಸ್ಯರ ಪಟ್ಟಿಯ ಪುಟಗಳು, ಅಂದರೆ ಒಂದೇ ಅಳತೆಯ ಚಿಕ್ಕ ಫೋಟೋ, ಕೆಳಗೆ ಹೆಸರು, ಹುದ್ದೆ ಇಂಥವು ಇದ್ದರೆ ಅದಕ್ಕೆ ಕ್ಯಾಪ್ಶನ್ ದಾರಿ ಬೇಡ, ಇನ್‌ಡಿಸೈನ್‌ನ ಡೇಟಾ ಮರ್ಜ್ (ಪಟ್ಟಿಯಿಂದ ಓದಿ ಪುಟ ತುಂಬುವ ಸೌಲಭ್ಯ) ಬಳಸಿ. ಪಟ್ಟಿಯಲ್ಲಿ ಫೋಟೋದ ದಾರಿ ಇರುವ ಕಾಲಂನ ತಲೆಬರಹಕ್ಕೆ ಮೊದಲು 'ಅಟ್' (@) ಚಿಹ್ನೆ ಹಾಕಬೇಕು. ಎಕ್ಸೆಲ್ ಅದನ್ನು ಸೂತ್ರ ಅಂದುಕೊಂಡು ತಕರಾರು ಮಾಡುತ್ತದೆ, ಅದಕ್ಕೂ ಮೊದಲು ಒಂದು ಒಂಟಿ ಉದ್ಧರಣ ಚಿಹ್ನೆ ಒತ್ತಿದರೆ ಸುಮ್ಮನಾಗುತ್ತದೆ. ಉಳಿಸುವಾಗ 'ಯೂನಿಕೋಡ್ ಟೆಕ್ಸ್ಟ್' ಅಂತ ಆರಿಸಿ. ಮಾಮೂಲಿ ಸಿಎಸ್‌ವಿ ಕೊಟ್ಟರೆ ಕನ್ನಡ ಮತ್ತೆ ಪ್ರಶ್ನೆ ಚಿಹ್ನೆ ಆದೀತು.

ಇದೇ ಸಂಚಿಕೆಯನ್ನು ಇ-ಬುಕ್ ಮಾಡುವ ಯೋಚನೆ ಇದ್ದರೆ ಇನ್ನೊಂದು ಪ್ರಯೋಜನ. ಆಬ್ಜೆಕ್ಟ್ ಎಕ್ಸ್‌ಪೋರ್ಟ್ ಆಪ್ಷನ್ಸ್‌ನಲ್ಲಿ ಆಲ್ಟ್ ಟೆಕ್ಸ್ಟ್ (ಚಿತ್ರ ಕಾಣದವರಿಗಾಗಿ ಬರೆದ ವಿವರಣೆ) ಎಲ್ಲಿಂದ ತೆಗೆದುಕೊಳ್ಳಬೇಕು ಅಂತ ಕೇಳುತ್ತದೆ. 'ಎಕ್ಸ್‌ಎಂಪಿ ಡಿಸ್ಕ್ರಿಪ್ಶನ್' ಅಂತ ಹೇಳಿದರೆ ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ನಿಮ್ಮ ಕನ್ನಡ ವಿವರವನ್ನೇ ಓದಿ ಹೇಳುತ್ತದೆ. "ಎಡದಿಂದ ಎರಡನೆಯವರು" ಅನ್ನುವಂಥ ಸಾಲು ಅವರಿಗೆ ಉಪಯೋಗ ಇಲ್ಲ. ಚಿತ್ರದಲ್ಲಿ ಏನು ನಡೆಯುತ್ತಿದೆ ಅನ್ನುವುದನ್ನು ಬೇರೆಯಾಗಿ ಬರೆಯಲು 2021ರಿಂದ ಐಪಿಟಿಸಿ ಮಾನಕದಲ್ಲಿ ಆಲ್ಟ್ ಟೆಕ್ಸ್ಟ್‌ಗೇ ಒಂದು ಖಾನೆ ಕೊಟ್ಟಿದ್ದಾರೆ.

ಮುದ್ರಣಕ್ಕೆ ಕೊಡುವಾಗ 'ಪ್ಯಾಕೇಜ್' ಮಾಡುತ್ತೀರಲ್ಲ, ಆಗ ಲಿಂಕ್ ಆದ ಮೂಲ ಫೋಟೋಗಳೆಲ್ಲ ಆ ಫೋಲ್ಡರಿಗೆ ಹೋಗುತ್ತವೆ, ಒಳಗಿನ ಮೆಟಾಡೇಟಾ ಸಮೇತ. ಮೊಬೈಲ್‌ನಲ್ಲಿ ತೆಗೆದ ಫೋಟೋಗಳಲ್ಲಿ ಯಾರ ಮನೆಯಲ್ಲಿ ತೆಗೆದದ್ದು ಅನ್ನುವ ಜಿಪಿಎಸ್ ಗುರುತೂ ಇರಬಹುದು. ಎಕ್ಸಿಫ್‌ಟೂಲ್ ಪಟ್ಟಿ ತೆಗೆದಾಗ ಜಿಪಿಎಸ್ ಕಾಲಂ ತುಂಬಿದೆಯಾ ನೋಡಿ. ತುಂಬಿದ್ದರೆ ಪ್ಯಾಕೇಜ್ ಮಾಡುವ ಮೊದಲು ಅದೊಂದನ್ನು ಮಾತ್ರ ಅಳಿಸಿಬಿಡಿ, ಬೇರೆ ಯಾವುದನ್ನೂ ಅಲ್ಲ. ಅಳಿಸಿದ ಮೇಲೆ ಎಲ್ಲ ಫೋಟೋಗಳ ಪಕ್ಕ ಹಳದಿ ತ್ರಿಕೋನ ಬರುತ್ತದೆ, ಗಾಬರಿಯಾಗಬೇಡಿ. ಒಟ್ಟಿಗೆ ಅಪ್‌ಡೇಟ್ ಕೊಡಿ.